ಹೊಂಡದ ನೀರು ತಿಳಿಯಾಗಲು ಗಿಡ ನೆಟ್ಟ ಸೋಸುಗುಂಡಿ

ಮಾರ್ಚ್ ಬಂತೆಂದರೆ ಕೊಕಟನೂರ ಸೀಮೆಯ ಬಿಸಿಲಿಗೆ ಅಂಗಳದ ಮೀನಿನ ಹೊಂಡ ಹಸಿರುಗಟ್ಟುತ್ತದೆ. ನೀರೆಲ್ಲ ಚೆಲ್ಲಿ ಹೊಸದು ತುಂಬಿದರೂ ವಾರ, ಹದಿನೈದು ದಿನಕ್ಕೆ ಮತ್ತೆ ಅದೇ ಹಸಿರು. ಅಥಣಿಯ ಪೂರ್ವ ಭಾಗದಲ್ಲಿ ಬೋರ್‌ವೆಲ್ ನೀರನ್ನು ಹೀಗೆ ಚೆಲ್ಲುವುದು ಸರಿಯಲ್ಲ. ಇದಕ್ಕೆ ಬಾಗ್ ಫಿಲ್ಟರ್ ಎಂಬ ಉಪಾಯವಿದೆ. ಹೊಂಡದ ಪಕ್ಕದಲ್ಲೇ ಖಡಿ ತುಂಬಿ ಗಿಡ ನೆಟ್ಟ ಸಣ್ಣ ಸೋಸುಗುಂಡಿ ಅದು.

ಹಸಿರು ಎಲ್ಲಿಂದ ಬರುತ್ತದೆ? ಮೀನಿನ ಹೇಲು, ಉಳಿದ ಕಾಳು, ಬಿದ್ದ ಎಲೆ ಕೊಳೆತು ಅಮೋನಿಯಾ ಆಗುತ್ತದೆ. ಖಡಿಗೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಎಂದರೆ ಗೊಬ್ಬರವೇ, ನೀರನ್ನು ಹಸಿರುಗಟ್ಟಿಸುವ ಪಾಚಿ ಅದನ್ನೇ ಉಂಡು ಬೆಳೆಯುತ್ತದೆ. ಅದನ್ನು ಗಿಡದ ಬೇರು ಹೀರಿಕೊಂಡರೆ ಪಾಚಿ ಉಪವಾಸ ಬೀಳುತ್ತದೆ. ಬಚ್ಚಲ ನೀರು ಹೋಗುವಲ್ಲಿ ನಮ್ಮ ಹಿರಿಯರು ಬಾಳೆ, ಕೆಸು ಹಚ್ಚುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಜರ್ಮನಿಯ ಕೇಥೆ ಸೈಡೆಲ್ 1950ರ ದಶಕದಲ್ಲೇ ಜೊಂಡಿನಿಂದ ನೀರು ಶುದ್ಧ ಮಾಡುವ ಪ್ರಯೋಗ ನಡೆಸಿದ್ದರು. ಬೆಂಗಳೂರಿನ ಜಕ್ಕೂರು ಕೆರೆಗೆ ಬರುವ ಸಂಸ್ಕರಿಸಿದ ನೀರೂ ಮೊದಲು ಜೊಂಡು ಬೆಳೆದ ತಗ್ಗನ್ನು ದಾಟಿಯೇ ಬರುತ್ತದೆ.

ಗುಂಡಿ ಎಷ್ಟು ದೊಡ್ಡದಿರಬೇಕು? ಹೊಂಡದ ಮೇಲ್ಮೈಯ ಐದನೇ ಒಂದು ಭಾಗ ಸಾಕು. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಎರಡೂವರೆ ಅಡಿ ಆಳದ ಹೊಂಡದಲ್ಲಿ ಸುಮಾರು 5,600 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ನಾಲ್ಕಡಿ ಚೌಕದ ಗುಂಡಿ ಮಾಡಿ, ಒಂದಡಿ ಖಡಿ ತುಂಬಿ.

ಸಿಮೆಂಟ್ ಮಾಡಿದರೆ ಗಟ್ಟಿಯಲ್ಲವೇ ಎಂದು ಕೇಳಬಹುದು. ನಮ್ಮ ಎರೆ ಮಣ್ಣಿನಲ್ಲಿ ಬೇಡ. ಮಳೆಗೆ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ತೆಳು ಸಿಮೆಂಟ್ ತೊಟ್ಟಿಯೂ ಜೊತೆಗೇ ಬಿರಿಯುತ್ತದೆ. ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ನೆಲದ ಜೊತೆ ಬಾಗುತ್ತದೆ. ಹಾಸುವವರ ಬಳಿ ಉಳಿದ ತುಂಡು ಕೇಳಿ ನೋಡಿ. ಹಾಳೆಯ ಕೆಳಗೆ ಹಳೆಯ ಗೋಣಿಚೀಲ ಹಾಸಿದರೆ ಕಲ್ಲು ಚುಚ್ಚುವುದಿಲ್ಲ. ಗುಂಡಿಯ ಮೂರು ಬದಿ ಎತ್ತರವಿರಲಿ. ಹೊಂಡದ ಕಡೆಯ ಬದಿ ಮಾತ್ರ ಹೊಂಡದ ನೀರಿಗಿಂತ ಮೂರ್ನಾಲ್ಕು ಇಂಚು ಮೇಲಿರಲಿ. ಸೋಸಿದ ನೀರು ಅಲ್ಲಿಂದ ತುಳುಕಿ ಹೊಂಡಕ್ಕೆ ಇಳಿಯಬೇಕು.

ಇಡೀ ಕೆಲಸದ ಜೀವ ಪೈಪಿನಲ್ಲಿದೆ. ಒಂದೂವರೆ ಇಂಚಿನ ಪಿವಿಸಿ ಪೈಪಿಗೆ ಎರಡೆರಡು ಇಂಚಿಗೊಂದು ಗರಗಸದ ಸೀಳು ಹಾಕಿ, ಮೂರನೇ ಒಂದು ಭಾಗದಷ್ಟು ಆಳ. ಸೀಳು ಮೇಲೆ ಬರುವಂತೆ ಗುಂಡಿಯ ತಳದಲ್ಲಿ ಮಲಗಿಸಿ. ಒಂದು ತುದಿಗೆ ಹೊಂಡದೊಳಗಿನ ಪಂಪ್ ಜೋಡಿಸಿ. ಇನ್ನೊಂದು ತುದಿಯನ್ನು ಖಡಿಯ ಮೇಲೆ ಬರುವಂತೆ ಎತ್ತಿ ಮುಚ್ಚಳ ಹಾಕಿ. ಮುಂದೆ ರಾಡಿ ತೆಗೆಯಲು ಅದೇ ದಾರಿ. ಪಂಪಿನ ಹತ್ತಿರ ನಾನ್ ರಿಟರ್ನ್ ವಾಲ್ವ್, ಅಂದರೆ ನೀರು ಹಿಂದೆ ಹರಿಯದಂತೆ ತಡೆಯುವ ಕವಾಟ, ಇರಲೇಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ಗುಂಡಿಯ ನೀರು ರಾಡಿ ಸಮೇತ ಪೈಪಿನಲ್ಲೇ ಹೊಂಡಕ್ಕೆ ಮರಳುತ್ತದೆ.

ಹತ್ತು ಎಂಎಂ ಖಡಿ ತನ್ನಿ. ಬುಕಣಿ ಹೋಗುವವರೆಗೆ ತೊಳೆಯಿರಿ. ಸುಣ್ಣಕಲ್ಲು, ಮುರಂ ಬೇಡ. ಖಡಿ ನೀರಿಗಿಂತ ಒಂದಿಂಚು ಮೇಲಿದ್ದರೆ ಗುಂಡಿಯಲ್ಲಿ ಸೊಳ್ಳೆ ಮೊಟ್ಟೆ ಇಡುವುದಿಲ್ಲ.

ಗಿಡಗಳಲ್ಲಿ ನನ್ನ ಮೊದಲ ಆಯ್ಕೆ ಕಾಬಾಳೆ. ಬಿಸಿಲು ತಾಳುತ್ತದೆ, ಬೇಗ ಹಬ್ಬುತ್ತದೆ, ಹೂವೂ ಕೊಡುತ್ತದೆ. ಬಜೆ, ಕೆಸು, ಒಂದೆಲಗ ಕೂಡ ಚೆನ್ನಾಗಿ ಬರುತ್ತವೆ. ಬೇರಿನ ಮಣ್ಣೆಲ್ಲ ತೊಳೆದು ಖಡಿಯಲ್ಲೇ ನೆಡಿ, ಗೊಬ್ಬರ ಹಾಕಬೇಡಿ. ಹಳ್ಳದ ಆಪು ತರಬೇಡಿ, ಅದರ ಚೂಪು ಬೇರು ಹಾಳೆಯನ್ನು ತೂತು ಮಾಡುತ್ತದೆ. ಆಡು ಓಡಾಡುವ ಕಡೆ ಸುತ್ತ ಜಾಲಿ ಬೇಕು.

ಪಂಪು ಎರಡು ತಾಸಿಗೊಮ್ಮೆ ಹೊಂಡದ ನೀರನ್ನೆಲ್ಲ ತಿರುಗಿಸಬೇಕು. ಡಬ್ಬಿಯ ಮೇಲೆ ಬರೆದ ಲೀಟರಿನ ಲೆಕ್ಕ ನೀರನ್ನು ಮೇಲಕ್ಕೆ ಎತ್ತದೇ ಇದ್ದಾಗಿನದು. ಆದ್ದರಿಂದ ತಾಸಿಗೆ 4,000 ಲೀಟರ್ ಎಂದಿರುವುದನ್ನು ಕೊಳ್ಳಿ. 60 ವ್ಯಾಟಿನ ಪಂಪು ಹಗಲುರಾತ್ರಿ ನಡೆದರೆ ತಿಂಗಳಿಗೆ ಸುಮಾರು 43 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಎಂದು ಬಿಲ್ಲಿನಲ್ಲಿ ಮೊದಲೇ ನೋಡಿಕೊಳ್ಳಿ. ಒಂದೆರಡು ತಾಸು ಕರೆಂಟ್ ಹೋದರೆ ತೊಂದರೆಯಿಲ್ಲ. ದಿನಗಟ್ಟಲೆ ನಿಂತರೆ ಉಸಿರುಗಟ್ಟಿ ಬ್ಯಾಕ್ಟೀರಿಯಾ ಸಾಯುತ್ತವೆ, ಖಡಿ ನಾರುತ್ತದೆ.

ಖರ್ಚು? ಖಡಿ ಹದಿನಾರು ಘನ ಅಡಿ, ಅಂದರೆ ಬ್ರಾಸಿನ ಐದನೇ ಒಂದು ಭಾಗವೂ ಇಲ್ಲ. ಪೈಪ್, ವಾಲ್ವ್ ಅಥಣಿಯ ಡ್ರಿಪ್ ಅಂಗಡಿಗಳಲ್ಲಿ ಕೇಳಿ. ಕಾಬಾಳೆ ಗಡ್ಡೆ ನೆರೆಯವರ ಹಿತ್ತಲಲ್ಲೇ ಸಿಗುತ್ತದೆ. ಕೂಲಿ ಬಿಟ್ಟು ಐದಾರು ಸಾವಿರ ರೂಪಾಯಿ ಹಿಡಿಯಿರಿ. ಅದರಲ್ಲಿ ಅರ್ಧ ಪಂಪಿಗೇ ಹೋಗುತ್ತದೆ.

ನೀರು ಮರುದಿನವೇ ತಿಳಿಯಾಗುವುದಿಲ್ಲ. ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಕಡಿಮೆ ಬಿಡಿ. ಹದಿನೈದು ದಿನಕ್ಕೊಮ್ಮೆ ಪಂಪಿನ ಜಾಲರಿ ತೊಳೆಯಿರಿ. ಒಣಗಿದ ಎಲೆ ಕತ್ತರಿಸಿ ತಿಪ್ಪೆಗೆ ಹಾಕಿ. ಖಡಿಯ ಮೇಲೆ ಬಿಟ್ಟರೆ ಅದೇ ಗೊಬ್ಬರ ಮತ್ತೆ ನೀರಿಗೆ ಸೇರುತ್ತದೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಪೈಪಿನ ರಾಡಿ ಹೊರಗೆ ಹರಿಸಿ, ಆ ನೀರು ತೆಂಗಿಗೆ ಒಳ್ಳೆಯದು. ಬ್ಲೀಚಿಂಗ್ ಪೌಡರ್ ಮಾತ್ರ ಮುಟ್ಟಬೇಡಿ.

ಹತ್ತಿರ ದ್ರಾಕ್ಷಿ ತೋಟವಿದ್ದರೆ ಅಕ್ಟೋಬರ್ ಚಾಟಣಿ ಆದಮೇಲೆ ಎಚ್ಚರವಿರಲಿ. ಆಗ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಮೀನಿಗೆ ವಿಷ. ಔಷಧ ಹೊಡೆಯುವ ದಿನ ಹೊಂಡಕ್ಕೂ ಗುಂಡಿಗೂ ತಾಡಪತ್ರಿ ಮುಚ್ಚಿ, ಗಾಳಿ ನಿಂತ ಮೇಲೆ ತೆಗೆಯಿರಿ.