ಮಿನಿ ಟ್ರ್ಯಾಕ್ಟರ್ ಸ್ಟೀರಿಂಗ್ ಸಡಿಲವಾಗಿದೆಯೇ? ಮೊದಲು ಕೀಲು ನೋಡಿ



ಬೆಳಗಿನ ಹಾಲು ಡೈರಿಗೆ ಹಾಕಿ ಬಂದ ಕೂಡಲೇ ಹುಲ್ಲಿನ ಚಿಂತೆ. ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕೆ.ಜಿ. ಹಸಿರು ಮೇವು ಬೇಕು. ಹಟ್ಟಿಯಲ್ಲಿ ಐದು ಹಸುಗಳಿದ್ದರೆ ನೂರು ಕೆ.ಜಿ.ಗೂ ಹೆಚ್ಚು. ಅಷ್ಟನ್ನು ತಲೆಹೊರೆಯಲ್ಲಿ ತರಲಾಗದು. ಹಾಗಾಗಿಯೇ ತೋಟದ ಸಾಲುಗಳ ನಡುವೆ ನುಗ್ಗುವ ಮಿನಿ ಟ್ರ್ಯಾಕ್ಟರ್ ಹೈನುಗಾರರಿಗೆ ಆಸರೆಯಾಗಿದೆ.

ಅದರ ಸ್ಟೀರಿಂಗ್ ಚಕ್ರ ಸ್ವಲ್ಪ ತಿರುಗಿಸಿದರೂ ಮುಂದಿನ ಗಾಲಿ ತಿರುಗುವುದಿಲ್ಲವೇ? ಗಾಲಿ ನಡುಗುತ್ತದೆಯೇ? "ಹಳೆಯ ಗಾಡಿ, ಹಾಗೆಯೇ" ಎಂದು ಬಿಡಬೇಡಿ. ಕೀಲು ಪೂರ್ತಿ ಸವೆದು ಕಳಚಿದರೆ ಗಾಲಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಕಾರ್ಕಳದ ಕಡೆಯ ಇಳಿಜಾರಿನಲ್ಲಿ, ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66 ದಾಟುವಾಗ ಹಾಗಾದರೆ ಏನಾದೀತು, ಯೋಚಿಸಿ.

ಕೀಲು ಸವೆಯುವುದೇಕೆ?

ಸ್ಟೀರಿಂಗಿನ ಬಲವನ್ನು ಗಾಲಿಗೆ ಮುಟ್ಟಿಸುವ ಸರಳಿನ ತುದಿಯಲ್ಲಿ ಬಟ್ಟಲಿನೊಳಗೆ ಗುಂಡು ಕೂತಂಥ ಕೀಲು ಇದೆ. ಮೆಕ್ಯಾನಿಕ್‌ಗಳು ಇದನ್ನು ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್ ಎನ್ನುತ್ತಾರೆ. ಅದರ ಮೇಲಿನ ರಬ್ಬರ್ ಟೊಪ್ಪಿ ಹರಿದರೆ ಕೆಸರು, ನೀರು ಒಳಹೊಕ್ಕು ಗ್ರೀಸ್ ಕೆಡುತ್ತದೆ. ನಮ್ಮ ಮಳೆಗಾಲ, ಕೆಂಪು ಮಣ್ಣಿನ ಕೆಸರು, ಕರಾವಳಿಯ ಉಪ್ಪುಗಾಳಿ ಮೂರೂ ಸೇರಿದರೆ ಸವೆತ ಬೇಗ.

ಮನೆಯಲ್ಲೇ ಪರೀಕ್ಷೆ

ಸಮತಟ್ಟಾದ ಅಂಗಳದಲ್ಲಿ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಹಿಂದಿನ ಗಾಲಿಗೆ ಮರದ ಅಡೆ ಕೊಡಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪವೇ ಆಡಿಸಲಿ. ಇನ್ನೊಬ್ಬರು ಒಂದೊಂದೇ ಕೀಲನ್ನು ನೋಡಲಿ. ಸರಳು ಅಲುಗಿದರೂ ಅದು ಹಿಡಿದಿರುವ ತೋಳು ಅಲುಗದಿದ್ದರೆ ಆ ಕೀಲು ಸವೆದಿದೆ. ಕೀಲುಗಳೆಲ್ಲ ಬಿಗಿಯಾಗಿದ್ದೂ ಸ್ಟೀರಿಂಗ್ ಸಡಿಲವಿದ್ದರೆ ಮಾತ್ರ ಸ್ಟೀರಿಂಗ್ ಬಾಕ್ಸ್ ಮೇಲೆ ಸಂಶಯಪಡಿ. ಬಾಕ್ಸ್ ದುರಸ್ತಿ ದುಬಾರಿ. ಕೀಲಿನ ಬೆಲೆ ಅದಕ್ಕಿಂತ ಬಹಳ ಕಡಿಮೆ. ಈ ಪರೀಕ್ಷೆ ಮಾಡಿಯೇ ಗ್ಯಾರೇಜಿಗೆ ಹೋದರೆ ಬೇಡದ ಖರ್ಚು ತಪ್ಪುತ್ತದೆ.

ಬದಲಿಸುವ ಕ್ರಮ

ಅನುಭವವಿಲ್ಲದಿದ್ದರೆ ಮೆಕ್ಯಾನಿಕ್‌ನಿಂದಲೇ ಮಾಡಿಸಿ. ಆದರೆ ಪಕ್ಕದಲ್ಲಿ ನಿಂತು ಇವನ್ನು ಗಮನಿಸಿ.

1. ಮುಂಭಾಗ ಎತ್ತಿದ ಮೇಲೆ ಗಟ್ಟಿಯಾದ ಸ್ಟ್ಯಾಂಡ್ ಕೊಡಬೇಕು. ಜಾಕ್ ಒಂದನ್ನೇ ನಂಬಬಾರದು. ಮುರಕಲ್ಲು ಜೋಡಿಸಿ ನಿಲ್ಲಿಸಲೇಬಾರದು. ಭಾರಕ್ಕೆ ಅದು ಒಡೆಯಬಹುದು.

2. ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ, ಕೀಲನ್ನು ಪುಲ್ಲರ್‌ನಿಂದ ಬಿಡಿಸಬೇಕು. ನೇರವಾಗಿ ಸುತ್ತಿಗೆಯಿಂದ ಹೊಡೆದರೆ ಮರೆ ಹಾಳಾಗುತ್ತದೆ.

3. ಹಳೆಯ ಕೀಲನ್ನು ಸರಳಿನಿಂದ ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ಹೊಸದನ್ನು ಅಷ್ಟೇ ಸುತ್ತು ತಿರುಗಿಸಬೇಕು. ಹಲವು ಸರಳುಗಳ ಒಂದು ತುದಿಯಲ್ಲಿ ಎಡಮರೆ ಇರುತ್ತದೆ. ತಿರುಗದಿದ್ದರೆ ಬಲ ಹಾಕದೆ ದಿಕ್ಕು ನೋಡಿ.

4. ನಟ್ ಬಿಗಿ ಮಾಡಿದ ಮೇಲೆ ಪಿನ್ನಿನ ರಂಧ್ರ ಸರಿಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಬೇಕು, ಸಡಿಲಿಸಿ ಅಲ್ಲ.

5. ಹೊಸ ಸ್ಪ್ಲಿಟ್ ಪಿನ್ನನ್ನೇ ಹಾಕಬೇಕು. ಹಳೆಯ ಪಿನ್, ಮೊಳೆ, ತಂತಿಯ ತುಂಡು ಬೇಡವೇ ಬೇಡ. ನಟ್ ಕಳಚದಂತೆ ತಡೆಯುವುದು ಕೆಲವೇ ರೂಪಾಯಿಯ ಆ ಪಿನ್.

6. ಕೊನೆಗೆ ಲಾಕ್ ನಟ್ ಬಿಗಿ ಮಾಡಿ, ಮುಂದಿನ ಗಾಲಿಗಳ ಜೋಡಣೆ ಅಳೆಯಬೇಕು. ಗಾಲಿಗಳ ಮುಂಬದಿಯ ಮತ್ತು ಹಿಂಬದಿಯ ಅಂತರವನ್ನು ನಡುಮಟ್ಟದಲ್ಲಿ ಟೇಪ್ ಹಿಡಿದು ಅಳೆದು, ಕೈಪಿಡಿಯಲ್ಲಿ ಹೇಳಿದಷ್ಟು ವ್ಯತ್ಯಾಸವಿದೆಯೇ ನೋಡಿ. ತಪ್ಪಿದರೆ ಟಯರ್ ಒಂದೇ ಬದಿಗೆ ಸವೆಯುತ್ತದೆ.

ಒಂದು ಬದಿಯ ಕೀಲು ಸವೆದಿದ್ದರೆ ಇನ್ನೊಂದು ಬದಿಯದನ್ನೂ ನೋಡಿಸಿ. ಮೊದಲು ಅಂಗಳದಲ್ಲೇ ನಿಧಾನವಾಗಿ ಓಡಿಸಿ ನೋಡಿ, ಆಮೇಲೆ ರಸ್ತೆಗಿಳಿಸಿ.

ನೆನಪಿಡಿ

ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ರಬ್ಬರ್ ಟೊಪ್ಪಿಗಳನ್ನು ನೋಡಿ. ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ತುಂಬಿಸಿ. ಗೊಬ್ಬರ ಸಾಗಿಸಿದ ದಿನ ಕೀಲುಗಳನ್ನು ತೊಳೆಯಿರಿ. ಮಡ್‌ಗಾರ್ಡ್ ಮೇಲೆ ಯಾರೂ ಕೂರಬಾರದು, ಹುಲ್ಲಿನ ಹೊರೆಯ ಮೇಲೂ ಬೇಡ. ಗ್ರೀಸ್, ಡೀಸೆಲ್ ಮುಟ್ಟಿದ ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆದೇ ಕೆಚ್ಚಲು ಮುಟ್ಟಿ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ.

ಟ್ರ್ಯಾಕ್ಟರ್ ಓಡಿಸುವವರು ಗಂಡನೋ ಮಗನೋ ಇರಬಹುದು. ಇಂದು ಸಂಜೆ ಹಾಲು ಕರೆಯುವ ಮೊದಲು ಅವರನ್ನು ಕರೆದು, ಹತ್ತು ನಿಮಿಷ ಈ ಪರೀಕ್ಷೆ ಮಾಡಿಸಿ.