ಐದು ಸೆಂಟ್ಸ್ ಕೊಡುವ ಮೊದಲು

ಮಂಗಳೂರು ನಗರದ ಅಂಚಿನ ನಮ್ಮ ಬೈಲಿಗೂ ಬ್ರೋಕರುಗಳು ಬರುತ್ತಿದ್ದಾರೆ. ಪೇಟೆಯ ಫ್ಲ್ಯಾಟಿಗೆ ಸಂಬಳ ಸಾಲದವರಿಗೆ ಐದು ಸೆಂಟ್ಸ್ ಜಾಗ ಬೇಕಂತೆ. ಒಂದೇ ಒಲೆಯಿದ್ದ ಕುಟುಂಬ ಪಾಲಾಗಿ ಮೂರಾಗಿದೆ. ಜನ ಅಷ್ಟೇ ಇದ್ದರೂ ಮನೆ ಮೂರು ಬೇಕು. ಅವರ ಅಗತ್ಯವೂ ನಿಜ, ನಮ್ಮ ಸಾಲವೂ ನಿಜ.

ನಾನು ಅವಸರದಲ್ಲಿ ಕೆಳಗಿನ ಗದ್ದೆಯನ್ನೇ ಕೊಟ್ಟೆ. ಕಟ್ಟಪುಣಿ ಇದ್ದಾಗ ಮಳೆನೀರು ಗದ್ದೆಯಲ್ಲೇ ನಿಂತು ಇಂಗುತ್ತಿತ್ತು. ಮಣ್ಣು ತುಂಬಿಸಿದ ಮೇಲೆ ಆ ನೀರು ನನ್ನ ಅಡಿಕೆ ಬುಡಕ್ಕೆ ನುಗ್ಗುತ್ತಿದೆ. ಬೇಸಗೆಗೆ ಬಾವಿ ಬೇಗ ತಳ ಕಾಣುತ್ತಿದೆ.

ಕೊಡಲೇಬೇಕಾದರೆ ರಸ್ತೆ ಬದಿಯ ಗುಡ್ಡೆ ಜಾಗ ಕೊಡಿ. ತೋಡಿನ ದಾರಿ ಬಿಟ್ಟುಕೊಳ್ಳಿ. ಶೌಚದ ಗುಂಡಿ ಬಾವಿಯಿಂದ ದೂರ, ಇಳಿಜಾರಿನ ಕೆಳಗಿರಲಿ. ಐದು ಸೆಂಟ್ಸ್ ಅಂದರೆ 2,178 ಚದರಡಿ. ಅಳತೆ ಕಲ್ಲು ಹಾಕಿಸಿಯೇ ಮಾತಾಡಿ. ಕನ್ವರ್ಶನ್, ನಕ್ಷೆಗೆ ಮಂಜೂರಾತಿ, ಪಂಚಾಯತು ಜಾಗವಾದರೆ 9-11 ನಮೂನೆ – ಇವನ್ನು ಮೊದಲೇ ವಿಚಾರಿಸಿ. ಕಾಗದ ಸರಿಯಿಲ್ಲದಿದ್ದರೆ ಕೊಳ್ಳುವವನಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಆಗ ಅಡ್ವಾನ್ಸ್ ತಿಂದ ನಮಗೂ ನಿದ್ದೆಯಿಲ್ಲ.

ಬಡವನಿಗೆ ಮನೆ ಆಗಲಿ. ಆದರೆ ಅವನೂ ನಾಳೆ ಕುಡಿಯುವುದು ಇದೇ ಬೈಲಿನ ನೀರನ್ನಲ್ಲವೇ?