ಟರ್ನರ್ ಸ್ಥಿತಿಯೂ ‘ಷಂಢೀ’ ಶಬ್ದವೂ

ಸ್ತ್ರೀಯ ಜೀವಕೋಶಗಳಲ್ಲಿರಬೇಕಾದ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಪೂರ್ಣವಾಗಿಯಾಗಲಿ ಭಾಗಶಃ ಆಗಲಿ ಲುಪ್ತವಾಗಿರುವ ಸ್ಥಿತಿಯು, 1938ರಲ್ಲಿ ಅದನ್ನು ವರ್ಣಿಸಿದ ಹೆನ್ರಿ ಟರ್ನರನ ಹೆಸರಿನಿಂದ ಪ್ರಸಿದ್ಧವಾಗಿದೆ. ಕಾರಣವು ತಿಳಿದುದು 1959ರಲ್ಲಿ. ಜೀವಂತವಾಗಿ ಜನಿಸುವ ಹೆಣ್ಣುಶಿಶುಗಳಲ್ಲಿ 2000ದಿಂದ 2500ಕ್ಕೆ ಒಂದರಂತೆ ಇದು ಕಂಡುಬರುವುದು. ಗರ್ಭಾವಸ್ಥೆಯಲ್ಲಿ ಇನ್ನೂ ಹೆಚ್ಚು, ಆದರೆ ಅವುಗಳಲ್ಲಿ ಬಹುಭಾಗವು ಸ್ರಾವವಾಗಿ ಹೋಗುವುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮತ್ತು ವಿಜಾಪುರ ಎಂಬ ಆಗಿನ ಐದು ತಾಲ್ಲೂಕುಗಳ ವಿಜಾಪುರ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸ್ತ್ರೀಯರು ಸುಮಾರು 10,66,000. ಮೇಲಿನ ಪ್ರಮಾಣವನ್ನು ಹಿಡಿದರೆ 400ಕ್ಕೂ ಮಿಕ್ಕಿದ ಮಂದಿ ಇಂಥವರಿರಬಹುದು. ಇದು ಅನುಮಾನವೇ ಹೊರತು ಎಣಿಕೆಯಲ್ಲ. ರಕ್ತದ ವರ್ಣತಂತುಪರೀಕ್ಷೆಯಿಲ್ಲದೆ ನಿಶ್ಚಯವಾಗದು; ಗಿಡ್ಡಳಾಗಿ ಋತುಮತಿಯಾಗದೆ ಉಳಿದವಳಿಗೆ ಪರೀಕ್ಷೆಗೆ ಮೊದಲೇ ‘ಬಂಜೆ’ಯೆಂಬ ಹೆಸರು ಬೀಳುವುದು.

ಶಾಸ್ತ್ರದಲ್ಲಿ ಇದಕ್ಕೆ ಹೆಸರುಂಟೆ? ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬೀಜದೋಷದಿಂದುಂಟಾಗುವ, ಸ್ತನಗಳಿಲ್ಲದ ‘ಷಂಢೀ’ಯನ್ನು ಹೇಳಿದೆ. ಅದೇ ಇದು ಎಂದು ಕೆಲವರು ಸಾಧಿಸುವರು. ದೋಷವನ್ನು ಬೀಜದಲ್ಲಿ ಕಂಡುದು ಮಹತ್ತ್ವದ ಮಾತೇ ಸರಿ. ಆದರೆ ಅಲ್ಲಿ ಹೇಳಿದ ಪುರುಷದ್ವೇಷವು ಇವರ ಲಕ್ಷಣವಲ್ಲ. ಗಿಡ್ಡತನದ ಪ್ರಸ್ತಾಪವು ಅಲ್ಲಿಲ್ಲ. ಆದುದರಿಂದ ಎರಡನ್ನೂ ಒಂದೆನ್ನುವುದು ಸಾಹಸ. ಚಿಕಿತ್ಸೆಯಿಲ್ಲವೆಂಬ ಅಲ್ಲಿನ ನಿರ್ಣಯವನ್ನಂತೂ ಇವರಿಗೆ ಅನ್ವಯಿಸಲಾಗದು: ಎಳೆತನದಲ್ಲಿಯೇ ಗುರುತಿಸಿದರೆ ಬೆಳವಣಿಗೆಯ ಹಾರ್ಮೋನಿನಿಂದ ಎತ್ತರವು ಹೆಚ್ಚುವುದು, ಈಸ್ಟ್ರೋಜನ್ನಿನಿಂದ ಯೌವನಲಕ್ಷಣಗಳು ಮೂಡುವುವು, ಹೃದಯದ ದೋಷವಿದ್ದರೆ ಅದೂ ಸಕಾಲದಲ್ಲಿ ತಿಳಿಯುವುದು.